ಮಂಡ್ಯ, ತಂಜಾವೂರು ಅವಳಿ ಊರುಗಳಾಗಲಿ

ಸಂಪಾದಕರಿಗೆ ನಮಸ್ಕಾರ.

ನಾನು ಪಾಂಡವಪುರ ತಾಲ್ಲೂಕಿನ ರೈತರ ಮನೆ ಮಗಳು. ಹನ್ನೆರಡು ವರ್ಷದಿಂದ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನಲ್ಲಿದ್ದೇನೆ. ಸ್ಟುಟ್‌ಗಾರ್ಟ್ ಪಕ್ಕದ ಊರು. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ನನ್ನ ಕೆಲಸ. ನನ್ನ ತಮ್ಮ ನಿಮ್ಮ ಪತ್ರಿಕೆಯ ಪುಟಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಕಾವೇರಿ ಸುದ್ದಿ ಇದ್ದರಂತೂ ಒಂದನ್ನೂ ಬಿಡುವುದಿಲ್ಲ. ಈ ಸಲವೂ ಮಳೆಗಾಲಕ್ಕೆ ಮುಂಚೆಯೇ ಶುರುವಾಗಿದೆ. ಎಷ್ಟು ಟಿಎಂಸಿ, ಯಾರಿಗೆ ಎಷ್ಟು, ಯಾರು ಯಾರಿಗೆ ಮೋಸ ಮಾಡಿದರು. ಅದನ್ನು ಓದಿಯೇ ಈ ಪತ್ರ ಬರೆಯಬೇಕು ಅನ್ನಿಸಿತು. ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ಕಳೆದ ವರ್ಷ ನಾನು ಇಲ್ಲಿನ ಅವಳಿ ಊರಿನ ಬಳಗವೊಂದಕ್ಕೆ ಸೇರಿದೆ. ಅವಳಿ ಊರು ಅಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು ಹುಬ್ಬಳ್ಳಿ–ಧಾರವಾಡ. ಇದು ಹಾಗಲ್ಲ. ಇಲ್ಲಿ ಎರಡು ಊರು ಬೇರೆ ಬೇರೆ ದೇಶದಲ್ಲಿರುತ್ತವೆ. ನಾವು ಇನ್ನು ಮೇಲೆ ನಂಟರು ಎಂದು ಇಬ್ಬರೂ ಒಪ್ಪಿಕೊಂಡಿರುತ್ತಾರೆ. ಆಮೇಲೆ ವರ್ಷ ವರ್ಷ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ, ಬರುತ್ತಾರೆ. ನಮ್ಮ ಲುಡ್ವಿಗ್ಸ್‌ಬುರ್ಗ್‌ಗೆ ಫ್ರಾನ್ಸಿನ ಮೊಂಬೆಲ್ಯಾರ್ ಎಂಬ ಪುಟ್ಟ ಊರು ಅವಳಿ. ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷಕ್ಕೆ, 1950ರಲ್ಲಿ, ಈ ನಂಟು ಬೆಳೆಯಿತು. ಜರ್ಮನಿ ಮತ್ತು ಫ್ರಾನ್ಸಿನ ಊರುಗಳ ನಡುವೆ ಇದೇ ಮೊದಲನೆಯದು. ಈಗ ಈ ಎರಡು ದೇಶಗಳ ನಡುವೆ ಇಂಥ 2 ಸಾವಿರಕ್ಕೂ ಹೆಚ್ಚು ಜೋಡಿಗಳಿವೆ.

ಆಗ ಮೊಂಬೆಲ್ಯಾರ್‌ನ ಮೇಯರ್ ಆಗಿದ್ದವರು ಲೂಸಿಯನ್ ತರಾದಾಂ. ಯುದ್ಧದಲ್ಲಿ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡಿ ಸಿಕ್ಕಿಬಿದ್ದವರು. ಬೂಕನ್‌ವಾಲ್ಡ್ ಎಂಬ ನಾಜಿ ಶಿಬಿರದಲ್ಲಿ ಕೈದಿಯಾಗಿದ್ದು ಬದುಕಿ ಬಂದವರು. ಅಂಥ ಮನುಷ್ಯನೇ ಜರ್ಮನಿಯ ಊರಿಗೆ ಕೈ ಚಾಚಿದ್ದು. ನಾನು ಈ ಸಂಗತಿ ಮೊದಲು ಕೇಳಿದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಸೇರಿದ್ದಕ್ಕೆ ಕಾರಣ ನಮ್ಮ ಆಶ್ರಮದ ಒಬ್ಬ ತಾತ. ಈಗ 89 ವರ್ಷ. ತಿಂಗಳಿಗೊಂದು ಕಾಗದ ಅವರಿಗೆ ಫ್ರಾನ್ಸಿನಿಂದ ಬರುತ್ತದೆ. ಕಣ್ಣು ಮಂಜಾದ ಮೇಲೆ ಓದುವುದಕ್ಕೆ ಆಗುತ್ತಿರಲಿಲ್ಲ. ಬರೆಯುವವರು ಮೊಂಬೆಲ್ಯಾರ್‌ನ ಒಬ್ಬ ಅಜ್ಜಿ, ಜರ್ಮನ್‌ನಲ್ಲೇ ಬರೆಯುತ್ತಾರೆ. ಹಾಗಾಗಿ ನಾನು ಓದಿ ಹೇಳುತ್ತಿದ್ದೆ. ಕಾಗದದಲ್ಲಿ ದೊಡ್ಡ ವಿಷಯ ಏನೂ ಇರುವುದಿಲ್ಲ. ಹಿತ್ತಲಲ್ಲಿ ಬೀನ್ಸ್ ಹಾಕಿದ್ದು, ಮಂಡಿ ನೋವು, ಮೊಮ್ಮಗ ಪರೀಕ್ಷೆ ಬರೆದದ್ದು. ತಾತ ಮಾತ್ರ ಎರಡು ಸಲ ಓದಿಸುತ್ತಾರೆ. ಒಂದು ದಿನ ಅವರೇ ಹೇಳಿದರು, "ನನಗಿನ್ನು ಬಸ್ಸಿನಲ್ಲಿ ಕೂರುವುದಕ್ಕೆ ಆಗುವುದಿಲ್ಲ. ನನ್ನ ಬದಲು ನೀನು ಹೋಗಿ ಬಾ." ನಾನು ನಕ್ಕು ಸುಮ್ಮನಾದೆ. ಮುಂದಿನ ವಾರ ಅವರೇ ಬಳಗದವರಿಗೆ ಫೋನ್ ಮಾಡಿಸಿ ನನ್ನ ಹೆಸರು ಬರೆಸಿದ್ದರು.

ಜನವರಿಯಲ್ಲಿ ಬಳಗದ ಕೂಟಕ್ಕೆ ಮೊದಲ ಸಲ ಹೋದೆ. ಜನವರಿ 22 ಇಲ್ಲಿ ಮುಖ್ಯವಾದ ದಿನ. 1963ರಲ್ಲಿ ಅದೇ ತಾರೀಖು ಎರಡೂ ದೇಶದವರು ಎಲಿಸೇ ಎಂಬ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದ್ದರು. ಭಾಷಣ ಚಿಕ್ಕದು, ತಿಂಡಿ ದೊಡ್ಡದು. ಫ್ರೆಂಚರು ಜನವರಿಯಲ್ಲಿ ತಿನ್ನುವ ಬಾದಾಮಿ ಹೂರಣದ ಒಂದು ಕೇಕ್ ಇದೆ. ಅದರೊಳಗೆ ಒಂದು ಪುಟಾಣಿ ಗೊಂಬೆ ಅಡಗಿಸಿ ಬೇಯಿಸುತ್ತಾರೆ. ಎಲ್ಲರಿಗಿಂತ ಚಿಕ್ಕ ಮಗು ಮೇಜಿನ ಕೆಳಗೆ ಕೂತು, ಈ ತುಂಡು ಯಾರಿಗೆ, ಆ ತುಂಡು ಯಾರಿಗೆ ಎಂದು ಕೂಗಬೇಕು. ಅವತ್ತು ಚಿಕ್ಕವಳು ನನ್ನ ಮಗಳೇ. ಹನ್ನೊಂದು ವರ್ಷದ ಹುಡುಗಿಯೇ ಚಿಕ್ಕವಳು ಅಂದರೆ ಬಳಗದಲ್ಲಿ ಎಷ್ಟು ವಯಸ್ಸಾದವರಿದ್ದಾರೆ ನೋಡಿ. ಬಂದವರಲ್ಲಿ ಜಾಸ್ತಿ ಜನ ಎಪ್ಪತ್ತು ದಾಟಿದವರು. ಫೆಬ್ರವರಿಯ ವರ್ಷದ ಸಭೆಯಲ್ಲೂ ಅದೇ ಚಿಂತೆ. ಲೆಕ್ಕಪತ್ರ ಓದಿದರು, ಕೈ ಎತ್ತಿ ಒಪ್ಪಿದರು. ಆಮೇಲೆ ಒಂದು ಗಂಟೆ ಪೂರ್ತಿ ಮಾತಾಡಿದ್ದು, ನಮ್ಮ ನಂತರ ಇದನ್ನು ಯಾರು ನಡೆಸುತ್ತಾರೆ ಎಂದು.

ಮೇ ತಿಂಗಳಲ್ಲಿ ಮೊಂಬೆಲ್ಯಾರ್ ಪ್ರಯಾಣ. ಏಸು ಸ್ವರ್ಗಕ್ಕೆ ಏರಿದ ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿಕೊಂಡರೆ ನಾಲ್ಕು ದಿನ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ಎಲ್ಲರೂ ರೈಲ್ವೆ ಸ್ಟೇಷನ್ ಮುಂದೆ ಚೀಲ ಹಿಡಿದು ನಿಂತಿದ್ದೆವು. ಬಸ್ಸೇ ಬರಲಿಲ್ಲ. ಬಸ್ಸಿನವರು ಒಂದು ವಾರ ಆಚೆಯ ತಾರೀಖು ಬರೆದುಕೊಂಡಿದ್ದರಂತೆ. ಯಾರೂ ಮನೆಗೆ ಹೋಗೋಣ ಅನ್ನಲಿಲ್ಲ. ಕಾರು ಇದ್ದವರು ಹೋಗಿ ಕಾರು ತಂದರು. ನಾನು, ಮಗಳು ನಿವೃತ್ತ ಮೇಷ್ಟ್ರೊಬ್ಬರ ಕಾರಿನಲ್ಲಿ ಕೂತೆವು. ಅವರಿಗೆ 76. ದಾರಿಯಲ್ಲಿ ಒಂದೇ ಸಲ ನಿಲ್ಲಿಸಿದ್ದು. "ಅವರು ಊಟಕ್ಕೆ ಕಾಯುತ್ತಿರುತ್ತಾರೆ" ಅನ್ನುವುದೊಂದೇ ಅವರ ಮಾತು.

ನನ್ನ ಕೈಯಲ್ಲಿ ತಾತ ಕೊಟ್ಟ ಒಂದು ವೈನ್ ಬಾಟಲಿ ಇತ್ತು. ಬ್ರಾಕನ್‌ಹೈಮ್ ಎಂಬ ಊರಿನ ಕೆಂಪು ವೈನ್. ಬ್ರಾಕನ್‌ಹೈಮ್ ನಮಗೆ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಈ ಊರಿನ ಹೆಸರು ಕನ್ನಡ ಪತ್ರಿಕೆ ಓದುವವರಿಗೆ ಗೊತ್ತಿರಬೇಕು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅಲ್ಲೇ. ಜರ್ಮನಿಯ ರಾಷ್ಟ್ರಪತಿಯಾಗಿದ್ದ ತೆಯೊಡೋರ್ ಹೊಯ್ಸ್ ಹುಟ್ಟಿದ್ದೂ ಅಲ್ಲೇ. ಲುಡ್ವಿಗ್ಸ್‌ಬುರ್ಗ್‌ನಲ್ಲಿ 1948ರಲ್ಲಿ ಜರ್ಮನ್–ಫ್ರೆಂಚ್ ಸಂಸ್ಥೆ ಕಟ್ಟಿದವರಲ್ಲಿ ಈ ಹೊಯ್ಸ್ ಕೂಡ ಒಬ್ಬರು. ಎರಡು ಊರಿನ ನಂಟಿಗೆ ದಾರಿ ಮಾಡಿಕೊಟ್ಟದ್ದೂ ಆ ಸಂಸ್ಥೆಯೇ. ಅಂದರೆ ನಿಮಗೆ ಪತ್ರ ಬರೆಯಲು ನನಗೊಂದು ಪತ್ರಿಕೆ ಇರುವುದಕ್ಕೂ, ನಾನು ಅವತ್ತು ಆ ಕಾರಿನಲ್ಲಿ ಕೂತದ್ದಕ್ಕೂ ಒಂದೇ ಊರಿನ ಋಣ ಇದೆ. ತಾತನಿಗೆ ಮೊಗ್ಲಿಂಗ್ ವಿಷಯ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. 87 ವರ್ಷ, ಸಣ್ಣ ದೇಹ, ಮೊಣಕಾಲಿಗೆ ಪಟ್ಟಿ. ನನ್ನ ಕೈ ಹಿಡಿದುಕೊಂಡು ಮೊದಲು ಕೇಳಿದ್ದೇ "ಅವನು ಊಟ ಸರಿಯಾಗಿ ಮಾಡುತ್ತಾನಾ?" ಎಂದು.

ಅವರ ಅಡುಗೆಮನೆ ಮೇಜಿನ ಡ್ರಾಯರಿನಲ್ಲಿ ಒಂದು ದಪ್ಪ ಲೆಕ್ಕದ ಪುಸ್ತಕ ಇದೆ. ಹಿಂದೆ ಬಟ್ಟೆ ಅಂಟಿಸಿದ, ಅಂಚು ಸವೆದ ಪುಸ್ತಕ. ಆ ಮನೆಗೆ ಜರ್ಮನಿಯಿಂದ ಬಂದು ಉಳಿದವರ ಹೆಸರೆಲ್ಲ ಅದರಲ್ಲಿದೆ. ಹೆಸರಿನ ಮುಂದೆ ವರ್ಷ. ಅದರ ಮುಂದೆ ಅವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ. ಅಷ್ಟೇ. ಮೊದಲ ಪುಟದ ಮೊದಲ ಸಾಲು ಅವರ ಅಮ್ಮನ ಕೈಬರಹ. 1956, ತಾತನ ಹೆಸರು, "ಆಲೂಗಡ್ಡೆ ಜಾಸ್ತಿ ಬೇಕು. ಈರುಳ್ಳಿ ಆಗುವುದಿಲ್ಲ."

ಆ ಸಾಲಿನ ಕಥೆ ಅಜ್ಜಿ ನಿಧಾನವಾಗಿ ಹೇಳಿದರು. ಯುದ್ಧದಲ್ಲಿ ಅವರ ಅಪ್ಪನನ್ನು ಜರ್ಮನರು ಬಲವಂತವಾಗಿ ಕರೆದುಕೊಂಡು ಹೋಗಿ ಅಲ್ಲಿನ ಕಾರ್ಖಾನೆಯಲ್ಲಿ ದುಡಿಸಿದ್ದರು. 1945ರಲ್ಲಿ ವಾಪಸ್ ಬಂದಾಗ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮನೆಯಲ್ಲಿ ಜರ್ಮನಿ ಎಂಬ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. 1956ರಲ್ಲಿ ಲುಡ್ವಿಗ್ಸ್‌ಬುರ್ಗ್‌ನ ಫುಟ್‌ಬಾಲ್ ಹುಡುಗರು ಆಡಲು ಬಂದರು. ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದರು. ಇವರ ಮನೆಗೆ ಬಂದದ್ದು ಗೋಲ್‌ಕೀಪರ್, ಇಪ್ಪತ್ತು ವರ್ಷದ ಹುಡುಗ. ಅಪ್ಪ ಒಪ್ಪಿದ್ದೇ ಅಮ್ಮನಿಗೆ ಸಿಟ್ಟು. ಎರಡು ದಿನ ಅಮ್ಮ ತಟ್ಟೆ ಇಡುವುದು, ತಟ್ಟೆ ತೆಗೆಯುವುದು. ಒಂದು ಮಾತಿಲ್ಲ. ಹುಡುಗ ತಲೆ ತಗ್ಗಿಸಿ ತಿನ್ನುತ್ತಿದ್ದ. ಮೂರನೇ ದಿನ ರಾತ್ರಿ ಅವನ ತಟ್ಟೆ ಖಾಲಿಯಾದದ್ದನ್ನು ಅಪ್ಪ ನೋಡಿದರು. ಆ ಬೆರಳಿಲ್ಲದ ಕೈಯಲ್ಲೇ ಪಾತ್ರೆ ಅವನ ಕಡೆ ತಳ್ಳಿ, "ಇನ್ನೂ ಸ್ವಲ್ಪ ಹಾಕಿಕೊಳ್ಳುತ್ತೀಯಾ?" ಎಂದು ಕೇಳಿದರು. ಜರ್ಮನ್‌ನಲ್ಲಿ.

ಅಪ್ಪನಿಗೆ ಜರ್ಮನ್ ಬರುತ್ತದೆ ಅನ್ನುವುದೇ ಮಗಳಿಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕಲಿತ ಮಾತು. ಹನ್ನೊಂದು ವರ್ಷ ಬಾಯಿಗೆ ತಂದಿರಲಿಲ್ಲ. ಅಜ್ಜಿ ಜರ್ಮನ್ ಕಲಿಯಲು ಶುರು ಮಾಡಿದ್ದು ಆಮೇಲೆ. ಅವತ್ತಿನ ಆ ಹುಡುಗನ ಮಕ್ಕಳು ಈ ಮನೆಗೆ ಬಂದರು, ಈ ಮನೆಯ ಮಕ್ಕಳು ಅಲ್ಲಿಗೆ ಹೋದರು. ಮದುವೆಗೆ, ಮಣ್ಣಿಗೆ, ಎಲ್ಲದಕ್ಕೂ ಹೋಗಿ ಬಂದಿದ್ದಾರೆ.

ಊಟಕ್ಕೆ ಆ ಊರಿನ ಹೊಗೆಯಲ್ಲಿ ಒಣಗಿಸಿದ ಸಾಸೇಜ್ ಪ್ರಸಿದ್ಧ. ನನಗೆ ಅದು ಆಗುವುದಿಲ್ಲ ಎಂದು ತಾತ ಮೊದಲೇ ಬರೆಸಿದ್ದರು. ಹಾಗಾಗಿ ನನಗೆ, ಮಗಳಿಗೆ ಬೇಯಿಸಿದ ಆಲೂಗಡ್ಡೆ, ಮೇಲೆ ಕಾಂಕ್ವಾಯೊತ್ ಎಂಬ ಚೀಸ್. ಬಿಸಿ ಮಾಡಿದರೆ ದೋಸೆ ಹಿಟ್ಟಿನಷ್ಟು ತೆಳ್ಳಗಾಗಿ ಎಳೆ ಎಳೆಯಾಗಿ ಇಳಿಯುತ್ತದೆ. ಬೆಳ್ಳುಳ್ಳಿ ವಾಸನೆ ಇರುತ್ತದೆ. ನಾನು ಚೀಲದಿಂದ ಉಪ್ಪಿನಕಾಯಿ ತೆಗೆದೆ. ಅಜ್ಜಿ ಒಂದು ಹನಿ ನಾಲಿಗೆಗೆ ಇಟ್ಟು ಕಣ್ಣಲ್ಲಿ ನೀರು ತಂದುಕೊಂಡರು, ಇನ್ನೊಂದು ಹನಿ ಕೇಳಿದರು. ಮಾರನೇ ದಿನ ಬೆಳಿಗ್ಗೆ ಪುಸ್ತಕದಲ್ಲಿ ನನ್ನ ಹೆಸರು ಬರೆದರು. "ಹಸು, ಹಂದಿ ಬೇಡ. ಖಾರ ಬೇಕು."

ಮೊಂಬೆಲ್ಯಾರ್‌ನಲ್ಲಿ ಬೆಟ್ಟದ ಬಂಡೆ ಮೇಲೆ ಒಂದು ಕೋಟೆ ಇದೆ. ವುರ್ಟೆಂಬರ್ಗ್ ದೊರೆಗಳದ್ದು. ಲುಡ್ವಿಗ್ಸ್‌ಬುರ್ಗ್‌ನ 452 ಕೋಣೆಗಳ ಅರಮನೆ ಕಟ್ಟಿಸಿದ್ದೂ ಅದೇ ಮನೆತನ. 1397ರ ಒಂದು ಮದುವೆ ಮಾತುಕತೆಯಿಂದ ಮೊಂಬೆಲ್ಯಾರ್ ಅವರ ಕೈಸೇರಿತು. ಫ್ರಾನ್ಸಿನ ಕ್ರಾಂತಿಯ ಕಾಲದವರೆಗೆ, ಹತ್ತಿರ ಹತ್ತಿರ ನಾನೂರು ವರ್ಷ, ಎರಡೂ ಕಡೆಯವರು ಒಂದೇ ಮನೆತನದ ಪ್ರಜೆಗಳೇ. ಆಮೇಲೆ ಗಡಿ ಬಂತು, ಯುದ್ಧ ಬಂತು. ಕೋಟೆಯ ಮುಂದೆ ನಿಂತಾಗ ನನಗೆ ತಲಕಾಡು ನೆನಪಾಯಿತು. ತಲಕಾಡನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ತಂಜಾವೂರಿನ ಚೋಳರು, ಅಲ್ವಾ? ಊರಿಗೆ ರಾಜರಾಜಪುರ ಎಂದೇ ಹೆಸರಿಟ್ಟಿದ್ದರು. ನಮ್ಮ ಮೇಲುಕೋಟೆಗೆ ರಾಮಾನುಜಾಚಾರ್ಯರು ಬಂದದ್ದೂ ಆ ಕಡೆಯಿಂದಲೇ.

ಈಗ ನಿದ್ದೆ ಬಾರದ ವಿಷಯಕ್ಕೆ ಬರುತ್ತೇನೆ.

1991ರ ಡಿಸೆಂಬರ್. ನನಗೆ ಎಂಟು ವರ್ಷ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಗಲಾಟೆ ಬೆಂಗಳೂರಿನಿಂದ ನಮ್ಮ ಕಡೆಗೂ ಬಂದಿತ್ತು. ನಮ್ಮ ಗದ್ದೆಯ ಪಕ್ಕ ಕಬ್ಬು ಕಡಿಯಲು ಬಂದ ಒಂದು ತಮಿಳು ಕುಟುಂಬ ಗುಡಿಸಲು ಹಾಕಿಕೊಂಡಿತ್ತು. ಆ ಮನೆಯ ಹುಡುಗಿ ನನ್ನ ವಯಸ್ಸಿನವಳು. ನಾವಿಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದೆವು. ಅವಳು ಹಾಲಿಗೆ ಪಾಲು ಅನ್ನುತ್ತಿದ್ದಳು, ಹುಲಿಗೆ ಪುಲಿ ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗುಡಿಸಲಿನಲ್ಲಿ ಯಾರೂ ಇಲ್ಲ. ಮೂರು ಕಲ್ಲಿನ ಒಲೆ ಮೇಲೆ ಅಲ್ಯೂಮಿನಿಯಂ ಪಾತ್ರೆ. ಪಾತ್ರೆ ತುಂಬ ಅನ್ನ, ಗಂಜಿ ಬಸಿಯದೆ ಹಾಗೇ ಮುದ್ದೆಯಾಗಿತ್ತು. ಅವರು ರಾತ್ರಿಯೇ ಹೋಗಿದ್ದರು. ಎಲ್ಲಿಗೆ ಹೋದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಆಯಿತು, ಆ ಪಾತ್ರೆ ಕಣ್ಣ ಮುಂದೆ ಹಾಗೇ ಇದೆ.

ನಮ್ಮ ಆಶ್ರಮದಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳಿದ್ದಾಳೆ. ಕುಂಭಕೋಣದ ಹತ್ತಿರದ ಹಳ್ಳಿಯವಳು, ಅವಳದೂ ರೈತರ ಮನೆ. ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳಿಗೆ ಮೆಟ್ಟೂರು ಅಣೆಕಟ್ಟಿನ 120 ಅಡಿ ಬಾಯಿಪಾಠ, ನನಗೆ ಕೆಆರ್‌ಎಸ್‌ನ 124.80. ಜೂನ್ 12ಕ್ಕೆ ಮೆಟ್ಟೂರು ಬಾಗಿಲು ತೆಗೆದರೆ ಅವರ ಕುರುವೈ ಭತ್ತ, ಇಲ್ಲದಿದ್ದರೆ ಆ ಬೆಳೆಯೇ ಕಷ್ಟ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದ ದಿನ ಇಬ್ಬರ ಫೋನಿಗೂ ಅದೇ ಫೋಟೊಗಳು ಬಂದವು. ಅವತ್ತು ನಾವು ಬೇರೆ ಬೇರೆ ಮೇಜಿನಲ್ಲಿ ಊಟ ಮಾಡಿದೆವು. ಜಗಳ ಆಡಿರಲಿಲ್ಲ. ಮಾತಾಡಲು ಧೈರ್ಯ ಇರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮಪ್ಪ ಭತ್ತ ಹಾಕಲಿಲ್ಲ. ಅವಳಪ್ಪನ ಪೈರು ಒಣಗಿತು. ಆ ಸಲ ಮಾತ್ರ ನಾವಿಬ್ಬರೂ ಒಂದೇ ಡಬ್ಬಿಯ ಮೊಸರನ್ನ ತಿಂದುಕೊಂಡು, ನಿಮ್ಮಲ್ಲಿ ಎಷ್ಟಿದೆ, ನಮ್ಮಲ್ಲಿ ಎಷ್ಟಿದೆ ಎಂದು ಮಾತಾಡಿದೆವು. ಅಲ್ಲಿ ಬಂದ್ ನಡೆಯುತ್ತಿತ್ತು. ಇದನ್ನು ಮಾತಾಡಲು ಇಬ್ಬರು ರೈತರ ಮಕ್ಕಳು ಇಷ್ಟು ದೂರ ಬರಬೇಕಾಯಿತೇ ಎಂದು ನನಗೆ ಸಂಕಟವಾಯಿತು.

ವರ್ಷದ ಉಳಿದ ಸಂಗತಿ ಬೇಗ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಮೊಂಬೆಲ್ಯಾರ್‌ನವರು ಇಲ್ಲಿಗೆ ಬಂದರು. ನಮ್ಮ ಎರಡು ಕೋಣೆಯ ಮನೆಯಲ್ಲೂ ಗಂಡ ಹೆಂಡತಿ ಇಬ್ಬರು ಉಳಿದರು. ನಾವು ಹಾಲ್‌ನಲ್ಲಿ ಮಲಗಿದೆವು. ಊರಿಂದ ತಂದ ಬೆಲ್ಲದಲ್ಲಿ ಒಬ್ಬಟ್ಟು ಮಾಡಿದ್ದೆ. ಅಕ್ಟೋಬರ್‌ನಲ್ಲಿ ಅರಮನೆ ತೋಟದ ಕುಂಬಳಕಾಯಿ ಪ್ರದರ್ಶನ ನೋಡಲು ಇನ್ನಷ್ಟು ಜನ ಬಂದರು. ಅದೇ ತಿಂಗಳು ಶಾಲೆ ಮಕ್ಕಳ ವಿನಿಮಯ. ನಮ್ಮ ಮನೆಗೆ ಬಂದ ಹುಡುಗಿ ಮೊದಲ ಎರಡು ದಿನ ಬ್ರೆಡ್ ಬಿಟ್ಟು ಏನೂ ಮುಟ್ಟಲಿಲ್ಲ. ಹೋಗುವಾಗ ಮುದ್ದೆಯನ್ನು ಅಗಿಯದೆ ನುಂಗುವುದನ್ನು ನನ್ನ ಮಗಳಿಂದ ಕಲಿತಿದ್ದಳು. ನವೆಂಬರ್ 11 ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧ ನಿಂತ ದಿನ, ಜರ್ಮನಿಯಲ್ಲಿ ಮಕ್ಕಳು ಕಾಗದದ ಲಾಟೀನು ಹಿಡಿದು ಬೀದಿಯಲ್ಲಿ ಹಾಡುವ ದಿನ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆಯಲ್ಲಿ ಮೊಂಬೆಲ್ಯಾರ್‌ನ ಚೀಸ್ ಮಾರಿದೆವು. ನಾನು ಎರಡು ಸಂಜೆ ನಿಂತೆ. ಕಾಲು ಮರಗಟ್ಟಿತ್ತು.

ಇದು ಎಲ್ಲ ಕಡೆ ಸುಸೂತ್ರವಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಲುಡ್ವಿಗ್ಸ್‌ಬುರ್ಗ್‌ಗೆ ಕ್ರೈಮಿಯಾದ ಯೆವ್ಪತೋರಿಯಾ ಕೂಡ ಅವಳಿ ಊರು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ಕೈವಶ ಮಾಡಿಕೊಂಡ ಮೇಲೆ ಮೊದಲಿನ ಹಾಗೆ ಹೋಗಿ ಬರುವುದಕ್ಕೆ ಆಗುತ್ತಿಲ್ಲ. ಆ ಕಡೆಯ ಗೆಳೆಯರ ಮಾತು ಬಂದಾಗ ಬಳಗದ ಹಿರಿಯರು ಮೌನವಾಗುತ್ತಾರೆ.

ನಮ್ಮ ರಾಜ್ಯದಲ್ಲೂ ಸೋದರಿ ನಗರಗಳು ಎಂದು ಇವೆ. ಬೆಂಗಳೂರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ಕ್ಲೀವ್‌ಲ್ಯಾಂಡ್. ಮೈಸೂರಿಗೆ ಸಿನ್ಸಿನಾಟಿ. ಇರಲಿ, ಒಳ್ಳೆಯದೇ. ಆದರೆ ದೂರದವರ ಜೊತೆ ಸ್ನೇಹ ಸುಲಭ. ತರಾದಾಂ ಅವರು ಸುಲಭದ ಊರನ್ನು ಆರಿಸಿಕೊಳ್ಳಲಿಲ್ಲ. ನಾನು ಕೇಳುವುದು ಮಂಡ್ಯ ಮತ್ತು ತಂಜಾವೂರು ಅವಳಿ ಊರುಗಳಾಗಲಿ ಎಂದು.

ನೀರು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ವಿಶ್ವೇಶ್ವರಯ್ಯ ನಾಲೆ ನೀರಲ್ಲಿ ಬೆಳೆದ ಅನ್ನ ತಿಂದು ದೊಡ್ಡವಳಾದವಳು ನಾನು. ನೀರಿನ ಲೆಕ್ಕ ಕೋರ್ಟಿನಲ್ಲಿ ಆಗಿದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಎಂದು ಹೇಳಿದೆ. ಮಳೆ ಚೆನ್ನಾಗಿ ಆದ ವರ್ಷ ಯಾರಿಗೂ ಆ ಅಂಕಿ ನೆನಪಿರುವುದಿಲ್ಲ. ಮಳೆ ಹೋದ ವರ್ಷ ಎರಡೂ ಕಡೆ ರೈತ ಕಣ್ಣೀರು ಹಾಕುತ್ತಾನೆ, ಎರಡೂ ಕಡೆ ಬೇರೆಯವರು ಭಾಷಣ ಮಾಡುತ್ತಾರೆ. ಆ ವರ್ಷಕ್ಕಾಗಿಯೇ ಈ ನಂಟು ಬೇಕು. ಯಾರದೋ ಮನೆಯಲ್ಲಿ ನಾಲ್ಕು ದಿನ ಉಂಡು ಮಲಗಿ ಬಂದವನು ಆ ಊರಿನ ನಂಬರ್ ಪ್ಲೇಟ್ ಇರುವ ಲಾರಿಗೆ ಕಲ್ಲು ಹೊಡೆಯುವ ಮೊದಲು ಒಂದು ನಿಮಿಷ ನಿಲ್ಲುತ್ತಾನೆ.

ಇದು ಹೊಸ ಮಾತೂ ಅಲ್ಲ. 2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ 'ಕಾವೇರಿ ಕುಟುಂಬ' ಕಟ್ಟಿಕೊಂಡಿದ್ದರು. ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನವರು ಕೈಜೋಡಿಸಿದ್ದರು. ಆ ಕಡೆಯವರು ಬಂದು ನಮ್ಮ ಗದ್ದೆ ನೋಡಿದರು, ನಮ್ಮವರು ಹೋಗಿ ಅವರ ಗದ್ದೆ ನೋಡಿದರು. ಎಷ್ಟು ದೊಡ್ಡ ಮನಸ್ಸಿನ ಕೆಲಸ ಅದು! ಅದರ ಮುಂದಿನ ಹೆಜ್ಜೆ ಮನೆಗಳಲ್ಲಿ ಇಡಬೇಕು ಎಂದು ನನ್ನ ಆಸೆ. ಮುಖಂಡರ ಜೊತೆಗೆ ಅವರ ಹೆಂಡತಿ, ಮಕ್ಕಳು, ಅತ್ತೆಯರೂ ಹೋಗಬೇಕು. ಲಾಡ್ಜ್ ಬೇಡ. ವೇದಿಕೆ, ಹಾರ, ಶಾಲು ಬೇಡ. ರೈಲು ಇಳಿದವರನ್ನು ಒಂದೊಂದು ಮನೆಯವರು ಬಂದು ಕರೆದುಕೊಂಡು ಹೋಗಲಿ. ನೀರಿನ ಮಾತು ಎತ್ತಬಾರದು ಎಂಬ ನಿಯಮವೂ ಬೇಡ. ಊಟ ಆದ ಮೇಲೆ ಅದು ತಾನಾಗಿಯೇ ಬರುತ್ತದೆ.

ಅನುಕೂಲ ನಮಗೇ ಜಾಸ್ತಿ ಇದೆ. ಇಲ್ಲಿನವರಿಗೆ ಒಬ್ಬರ ಭಾಷೆ ಒಬ್ಬರಿಗೆ ಏನೂ ತಿಳಿಯುತ್ತಿರಲಿಲ್ಲ. ನಮಗೆ ನೀರು ಅಂದರೆ ಅವರಿಗೂ ನೀರು, ನಮಗೆ ಊರು ಅಂದರೆ ಅವರಿಗೂ ಊರು. ಸಂಕ್ರಾಂತಿಗೆ ನಾವು ದನ ಕಿಚ್ಚು ಹಾಯಿಸುತ್ತೇವೆ. ಅವರು ಪೊಂಗಲ್ ಮಾರನೇ ದಿನ ದನಗಳಿಗೆ ಪೂಜೆ ಮಾಡುತ್ತಾರೆ. ಕೆಆರ್‌ಎಸ್ ತುಂಬಿದಾಗ ನಾವು ಬಾಗಿನ ಬಿಡುತ್ತೇವೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಅವರು ಆಡಿ ಪೆರುಕ್ಕು ಎಂದು ಅದೇ ಹೊಳೆಗೆ ಅರಿಶಿನ, ಹೂವು ಕೊಡುತ್ತಾರೆ. ಮಂಡ್ಯದಲ್ಲಿ ನಿಲ್ಲುವ ಒಂದು ರೈಲು ರಾತ್ರಿಯೆಲ್ಲ ಓಡಿ ತಿರುಚ್ಚಿ, ತಂಜಾವೂರು, ಕುಂಭಕೋಣಕ್ಕೆ ಹೋಗುತ್ತದೆ. ಮೈಸೂರಿನಿಂದ ಮಯಿಲಾಡುತುರೈ ಕಡೆಗೆ ಹೊರಡುವ ಗಾಡಿ. ಎಷ್ಟೋ ವರ್ಷದಿಂದ ಓಡುತ್ತಿದೆ. ನಮ್ಮೂರಿನಿಂದ ಅದರಲ್ಲಿ ಹತ್ತಿ ಯಾರದಾದರೂ ಮನೆಗೆ ಊಟಕ್ಕೆ ಹೋದವರು ನನಗೆ ಗೊತ್ತಿರುವ ಹಾಗೆ ಒಬ್ಬರೂ ಇಲ್ಲ.

ಮಂಡ್ಯ ನಗರಸಭೆಯವರು, ತಂಜಾವೂರು ಪಾಲಿಕೆಯವರು ಮನಸ್ಸು ಮಾಡಿದರೆ ಸಂತೋಷ. ಎರಡೂ ಕಡೆಯ ರೈತ ಸಂಘಗಳು, ಶಾಲೆ ಮೇಷ್ಟ್ರುಗಳು ಮನಸ್ಸು ಮಾಡಿದರೆ ಇನ್ನೂ ಸಂತೋಷ. ಈ ಪತ್ರ ಓದಿ ಆಸಕ್ತಿ ಬಂದ ಮನೆಯವರು ನಿಮ್ಮ ಪತ್ರಿಕೆಗೇ ಬರೆದು ತಿಳಿಸಲಿ. ನೀವು ಅದನ್ನು ಪ್ರಕಟಿಸಿದರೆ ನಮ್ಮ ತಮ್ಮ ನೋಡುತ್ತಾನೆ.

ಅಲ್ಲಿಯವರೆಗೆ ನಮ್ಮ ಮನೆಯವರು, ನನ್ನ ಜೊತೆಯ ಆ ನರ್ಸ್ ಮನೆಯವರು ಶುರು ಮಾಡುತ್ತಿದ್ದೇವೆ. ಬರುವ ಆಡಿ ಪೆರುಕ್ಕಿಗೆ ನನ್ನ ತಮ್ಮ, ಅವನ ಹೆಂಡತಿ ಕುಂಭಕೋಣಕ್ಕೆ ಹೋಗುತ್ತಾರೆ. ಟಿಕೆಟ್ ಆಗಿದೆ. ಆ ನರ್ಸ್‌ನ ಅಪ್ಪ ಅಮ್ಮ ಸಂಕ್ರಾಂತಿಗೆ ನಮ್ಮ ಮನೆಗೆ ಬರುತ್ತಾರೆ. ವಿಷಯ ತಿಳಿಸಲು ಫೋನ್ ಮಾಡಿದಾಗ ನಮ್ಮಮ್ಮ ಜಾಸ್ತಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಮುದ್ದೆ ತಿಂತಾರಾ ಕೇಳು" ಅಂದರು.

ಕೇಳಿದೆ. ತಿನ್ನುತ್ತಾರಂತೆ. ಅವರ ಕಡೆ ಅದಕ್ಕೆ ಕಳಿ ಅನ್ನುತ್ತಾರೆ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಓದುಗಿ
ಲುಡ್ವಿಗ್ಸ್‌ಬುರ್ಗ್, ಜರ್ಮನಿ